ಹಳದಿ ಹೂವಿನ ಕಾಗದ

ಕಳೆದ ಡಿಸೆಂಬರಿನಿಂದ ಒಂದು ಮಾತು ನನ್ನ ತಲೆಯಿಂದ ಇಳಿಯುತ್ತಿಲ್ಲ. "ಇಲ್ಲಿ ಗದ್ದೆ ತುಂಬ ಹಳದಿ ಹೂ. ಗಾಳಿ ಬಂದರೆ ನಮ್ಮ ಏಣಿಲು ಪೈರು ತೂಗಿದ ಹಾಗೇ ತೂಗುತ್ತದೆ." ಏಣಿಲು ಅಂದರೆ ನಮ್ಮ ಕಡೆಯ ಮಳೆಗಾಲದ ಭತ್ತದ ಬೆಳೆ. ಉಡುಪಿ ಜಿಲ್ಲೆಯ ಹಿರಿಯಡ್ಕದ ಹತ್ತಿರದ ನಮ್ಮೂರಿನಲ್ಲಿ ನಲವತ್ತು ದಾಟಿದ ಯಾರನ್ನು ಕೇಳಿದರೂ ಈ ಮಾತು ಗೊತ್ತಿರುತ್ತದೆ. ಪ್ರತಿ ಆಗಸ್ಟ್ 15ಕ್ಕೆ ಶಾಲೆಯ ಅಂಗಳದಲ್ಲಿ ಭಾಷಣ ಮಾಡುವಾಗ ನನ್ನ ಮಾಮ ಇದನ್ನು ಹೇಳುತ್ತಿದ್ದರು. ಮಾಮ ಅಂದರೆ ಅಮ್ಮನ ಅಣ್ಣ. 1971ರ ಯುದ್ಧದಲ್ಲಿದ್ದವರು. ಆಮೇಲೆ ಊರಿನಲ್ಲಿ ಮಂಡಲ ಪಂಚಾಯತಿಯ ಪ್ರಧಾನರು, ಅಂದರೆ ಅಧ್ಯಕ್ಷರು, ಆಗಿದ್ದವರು. "ಯುದ್ಧದ ಸಮಯದಲ್ಲಿ ನನ್ನಮ್ಮನಿಗೆ ಒಂದು ಕಾಗದ ಬಂದಿತ್ತು" ಎಂದು ಶುರು ಮಾಡಿ, ಈ ಹಳದಿ ಹೂವಿನ ಮಾತಿಗೆ ಬಂದು, ಸ್ವಲ್ಪ ಹೊತ್ತು ಸುಮ್ಮನಾಗಿ, ಮುಂದಕ್ಕೆ ಹೋಗುತ್ತಿದ್ದರು. ಮಕ್ಕಳಾದ ನಮಗೆ ಲಡ್ಡು ಯಾವಾಗ ಕೊಡುತ್ತಾರೆ ಎನ್ನುವುದೇ ಯೋಚನೆ. ಆದರೂ ಆ ಮಾತು ಉಳಿದುಬಿಟ್ಟಿತು.

ಮಾಮ ತೀರಿಕೊಂಡದ್ದು 2019ರಲ್ಲಿ. ಕಳೆದ ವರ್ಷ ಡಿಸೆಂಬರ್ 16ರ ವಿಜಯ ದಿವಸಕ್ಕೆ ಮಕ್ಕಳಿಗೆ ತೋರಿಸಲು ಶಾಲೆಯವರು ಆ ಕಾಗದವನ್ನು ಕೇಳಿದರು. ಹಳದಿ ಹೂವಿನ ಸಾಲನ್ನು ದೊಡ್ಡದು ಮಾಡಿ ಬ್ಯಾನರ್ ಹಾಕಿಸುತ್ತೇವೆ, ಅಸಲು ಕಾಗದವನ್ನು ಗಾಜಿನ ಕೆಳಗೆ ಇಡುತ್ತೇವೆ ಅಂದರು. ಒಳ್ಳೆಯ ಯೋಚನೆ ಅನ್ನಿಸಿ ನಾನು ಒಪ್ಪಿಕೊಂಡೆ. ಅಟ್ಟದಲ್ಲಿ ಮಾಮನ ಕಪ್ಪು ಟ್ರಂಕ್ ಇತ್ತು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರ್. ಒಳಗೆ ಹಳೆಯ ಬೈರಾಸಿನಲ್ಲಿ ಕಟ್ಟಿಟ್ಟ ಕಾಗದಗಳು. ಇನ್‌ಲ್ಯಾಂಡ್, ಎಂಒ (ಮನಿಯಾರ್ಡರ್) ಕೂಪನ್ ಎಲ್ಲ ಸೇರಿ 41. ಎರಡು ರಾತ್ರಿ ಕೂತು ಎಲ್ಲವನ್ನೂ ಓದಿದೆ. ಮತ್ತೆ ಇನ್ನೊಂದು ಸಲ ಓದಿದೆ. ಹಳದಿ ಹೂ ಎಲ್ಲಿಯೂ ಇಲ್ಲ.

ಇತ್ತ ಕ್ಷೇಮ

ಆ ಕಾಗದಗಳಲ್ಲಿ ಏನಿದೆ ಎಂದು ಹೇಳಬೇಕು. ಯುದ್ಧದ ಕಾಗದ ಅಂದರೆ ಯುದ್ಧ ಇರುತ್ತದೆ ಎಂದುಕೊಂಡು ಬಿಚ್ಚಿದವನು ನಾನು. ಪ್ರತಿಯೊಂದೂ ಶುರುವಾಗುವುದು ಒಂದೇ ರೀತಿ. "ಮಾತೃಶ್ರೀಯವರ ಪಾದಗಳಲ್ಲಿ ನಿಮ್ಮ ಮಗನು ಮಾಡುವ ನಮಸ್ಕಾರಗಳು. ಅದಾಗಿ ನಾನು ಇಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಕಾಗದ ಬರೆಯುತ್ತಿರಬೇಕು." ಆಮೇಲೆ ಪ್ರಶ್ನೆಗಳು. ಸುಗ್ಗಿಗೆ ನೀರು ಸಾಕಾಗುತ್ತದೋ? ಗೇಣಿ ಅಕ್ಕಿ ಎಷ್ಟು ಮುಡಿ ಅಳೆದುಕೊಟ್ಟಿರಿ? ಬಾಕಿ ಎಷ್ಟು? ಕಪ್ಪು ದನ ಕರು ಹಾಕಿತೋ? ತಂಗಿ ಶಾಲೆಗೆ ಹೋಗುತ್ತಿದ್ದಾಳೋ, ತಪ್ಪಿಸುತ್ತಿದ್ದಾಳೋ? ಎಂಒ ಕೂಪನ್‌ಗಳಲ್ಲಿ ಇನ್ನೂ ಚಿಕ್ಕದು: "60 ರೂ. ಕಳಿಸಿದ್ದೇನೆ. ಅಂಗಡಿ ಸಾಲ ಮೊದಲು." ಆಗ ನಮ್ಮದು ಗೇಣಿ ಒಕ್ಕಲಿನ ಮನೆ. ಮಳೆ ಕೈಕೊಟ್ಟರೂ ಗೇಣಿ ಅಕ್ಕಿ ತಪ್ಪುವಂತಿಲ್ಲ. ಅದೇ ಯೋಚನೆಯನ್ನು ಟ್ರಂಕಿನಲ್ಲಿ ಹಾಕಿಕೊಂಡು ಹೋದ ಹುಡುಗ 1966ರಲ್ಲಿ, 18ನೇ ವಯಸ್ಸಿನಲ್ಲಿ, ಬೆಂಗಳೂರಿನ ಹಲಸೂರು ಕೆರೆ ದಂಡೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿದ. ಮದ್ರಾಸ್ ಸ್ಯಾಪರ್ಸ್ ಅಂತ ಹೆಸರು. ಅಲ್ಲಿನ ಜವಾನರಿಗೆಲ್ಲ ತಂಬಿಗಳು ಅಂತಲೇ ಕರೆಯುವುದು. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲದಲ್ಲಿ ಹೂತಿಟ್ಟ ಮೈನ್ ತೆಗೆದು ಉಳಿದವರಿಗೆ ದಾರಿ ಮಾಡಿಕೊಡುವುದು ಅವರ ಕೆಲಸ.

ಎಲ್ಲಿದ್ದೇನೆ ಎಂದು ಒಂದು ಕಾಗದದಲ್ಲಿಯೂ ಇಲ್ಲ. ಬರೆಯುವ ಹಾಗಿರಲಿಲ್ಲ. ಕಾಗದಗಳನ್ನು ಅಲ್ಲಿನ ಅಧಿಕಾರಿಗಳು ಓದಿಯೇ ಕಳಿಸುತ್ತಿದ್ದರು. ವಿಳಾಸದ ಜಾಗದಲ್ಲಿ ಹೆಸರು, ನಂಬರ್, "ಕೇರ್ ಆಫ್ 56 ಎಪಿಒ", ಅಷ್ಟೇ. ಎಪಿಒ ಅಂದರೆ ಸೈನ್ಯದ ಅಂಚೆ ಕಚೇರಿ. ಪಶ್ಚಿಮದ ಗಡಿಯಲ್ಲಿದ್ದವರಿಗೆಲ್ಲ ಅದೇ ವಿಳಾಸ. ಪೂರ್ವದವರಿಗೆ 99. ಮುದ್ರೆಯಲ್ಲೂ ಊರಿನ ಹೆಸರಿಲ್ಲ, ಫೀಲ್ಡ್ ಪೋಸ್ಟ್ ಆಫೀಸಿನ ನಂಬರ್ ಮಾತ್ರ. ಯುದ್ಧ ಎನ್ನುವ ಪದ 41ರಲ್ಲಿ ಒಂದೇ ಒಂದು ಸಲ ಬರುತ್ತದೆ, 1971ರ ಡಿಸೆಂಬರ್ 20ರ ಕಾಗದದಲ್ಲಿ: "ಯುದ್ಧ ನಿಂತದ್ದು ರೇಡಿಯೋದಲ್ಲಿ ಕೇಳಿರಬಹುದು. ನನಗೆ ಏನೂ ಆಗಿಲ್ಲ. ದನದ ವಿಚಾರ ಬರೆಯಲಿಲ್ಲ ಯಾಕೆ?"

ನಾಲ್ಕೇ ದಿನ ಹಿಂದೆ ಅವರು ಎಲ್ಲಿದ್ದರು ಎನ್ನುವುದು ನಮಗೆ ಬಹಳ ವರ್ಷಗಳ ಮೇಲೆ ಗೊತ್ತಾಯಿತು. ಶಕರ್‌ಗಢದ ಕಡೆ, ಗಡಿಯಾಚೆ ಪಾಕಿಸ್ತಾನದಲ್ಲಿ, ಬಸಂತರ್ ನದಿ. ಡಿಸೆಂಬರ್ 15ರ ರಾತ್ರಿ ನದಿಯಾಚೆ ಮೈನ್ ತುಂಬಿದ ನೆಲದಲ್ಲಿ ಟ್ಯಾಂಕ್ ಹೋಗುವಷ್ಟು ದಾರಿ ಮಾಡಿಕೊಡುವ ಕೆಲಸ ಸ್ಯಾಪರ್‌ಗಳದ್ದು. ದಾರಿ ಪೂರ್ತಿಯಾಗುವ ಮೊದಲೇ ಆಚೆಯಿಂದ ಟ್ಯಾಂಕ್ ಬರುತ್ತಿರುವ ಸುದ್ದಿ ಬಂತು. ನಮ್ಮ ಸೈನ್ಯದ ಪೂನಾ ಹಾರ್ಸ್‌ನ ಟ್ಯಾಂಕ್‌ಗಳು ಕಾಯದೆ ಅದೇ ನೆಲದಲ್ಲಿ ನುಗ್ಗಿದವು. ಮರುದಿನ ಅದೇ ದಂಡಿನ ಅರುಣ್ ಖೇತರ್‌ಪಾಲ್ ತಮ್ಮ ಟ್ಯಾಂಕ್‌ಗೆ ಬೆಂಕಿ ಹತ್ತಿದರೂ ಹಿಂದೆ ಬರದೆ ಹೋರಾಡಿ ಸತ್ತರು. ಅವರಿಗೆ 21 ವರ್ಷ. ಆಮೇಲೆ ಪರಮವೀರ ಚಕ್ರ ಬಂತು. ಮಾಮ ಭಾಷಣದಲ್ಲಿ ಅವರ ಹೆಸರು ಹೇಳಿ ತಪ್ಪದೆ ಒಂದು ಮಾತು ಸೇರಿಸುತ್ತಿದ್ದರು: "ನಾನು ಅವರನ್ನು ನೋಡಿಲ್ಲ. ಅವರು ಹೋದ ದಾರಿಯ ಮಣ್ಣು ಮಾತ್ರ ನನ್ನ ಕೈಗೆ ಗೊತ್ತು."

ಜಗಲಿಯಲ್ಲಿ ಓದುವವರು

ಹಳದಿ ಹೂ ಸಿಗಲಿಲ್ಲ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಮೆಟ್ಟುಕತ್ತಿಯಲ್ಲಿ ಬಾಳೆಕಾಯಿ ಹೆಚ್ಚುತ್ತಿದ್ದರು. ಕೈ ನಿಂತಿತು. "ಅದು ಅದರಲ್ಲಿ ಸಿಗುವುದಿಲ್ಲ ಮಗಾ" ಅಂದರು. ಮತ್ತೆ ಹೆಚ್ಚತೊಡಗಿದರು. ನಾನು ಎಷ್ಟು ಕೇಳಿದರೂ ಆ ದಿನ ಬೇರೇನೂ ಹೇಳಲಿಲ್ಲ. ಹೇಳಿದ್ದು ಮೂರು ದಿನ ಬಿಟ್ಟು, ಸಂಜೆ ದೀಪ ಇಟ್ಟ ಮೇಲೆ.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಎಂಒ ಬಂದರೆ ಹೆಬ್ಬೆಟ್ಟು. ಪಕ್ಕದಲ್ಲಿ ಒಬ್ಬರು ಸಾಕ್ಷಿ. ಅವರಿಗೆ ಕನ್ನಡವೂ ಅಷ್ಟಕ್ಕಷ್ಟೇ, ಮನೆಮಾತು ತುಳು. ಆದರೆ ತುಳುವಿನಲ್ಲಿ ಕಾಗದ ಯಾರು ಬರೆಯುತ್ತಿದ್ದರು? ಮಾತು ತುಳು, ಕಾಗದ ಕನ್ನಡ. ನಮ್ಮ ಕಡೆ ಎಲ್ಲ ಮನೆಗಳಲ್ಲಿ ಹಾಗೆಯೇ ಅಲ್ವಾ? ಅಮ್ಮನ ಹತ್ತಿರ ಹುಟ್ಟಿದಾಗಿನಿಂದ ತುಳುವಿನಲ್ಲಿ ಮಾತಾಡಿದ ಮಗ ದೂರ ಹೋದ ಕೂಡಲೇ "ಮಾತೃಶ್ರೀಯವರ ಪಾದಗಳಲ್ಲಿ" ಎಂದು ಶಾಲೆಯ ಕನ್ನಡದಲ್ಲಿ ಬರೆಯಬೇಕು. ಅದನ್ನು ಯಾರೋ ಓದಿ ಮತ್ತೆ ತುಳು ಮಾಡಿ ಹೇಳಬೇಕು. ನಮ್ಮ ಮನೆಯಲ್ಲಿ ಆ ಕೆಲಸ ನನ್ನ ಅಮ್ಮನದ್ದು. 1971ರಲ್ಲಿ ಅವರಿಗೆ 13 ವರ್ಷ, ಎಂಟನೇ ಕ್ಲಾಸ್.

ಕಾಗದ ಬಂದ ಸುದ್ದಿ ಪೋಸ್ಟ್‌ಮ್ಯಾನ್ ಬರುವ ದಾರಿಯುದ್ದಕ್ಕೂ ಹಬ್ಬಿರುತ್ತಿತ್ತು. ಶಾಲೆ ಬಿಟ್ಟು ಅಮ್ಮ ಮನೆಗೆ ಬರುವಾಗ ಜಗಲಿಯಲ್ಲಿ ನಾಲ್ಕೈದು ಜನ. ನೆರೆಮನೆಯ ಹೆಂಗಸರು, ಕೆಲಸದವರು, ಎಲೆಯಡಿಕೆಯ ತಟ್ಟೆ. ಅಜ್ಜಿ ಕಂಬಕ್ಕೆ ಒರಗಿ, ಕಾಗದವನ್ನು ಬಿಚ್ಚದೆ ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದರು. ಅಮ್ಮ ಒಂದು ವಾಕ್ಯ ಓದಿ ತುಳುವಿನಲ್ಲಿ ಹೇಳಬೇಕು. ಅಜ್ಜಿ "ಬೊಕ್ಕ?" ಅನ್ನಬೇಕು. ಬೊಕ್ಕ ಅಂದರೆ ಆಮೇಲೆ. ಮುಂದಿನ ವಾಕ್ಯ. ಮತ್ತೆ "ಬೊಕ್ಕ?" ಕಾಗದ ಮುಗಿದರೂ ಅಜ್ಜಿಯ ಬೊಕ್ಕ ಮುಗಿಯುತ್ತಿರಲಿಲ್ಲ ಎಂದರು ಅಮ್ಮ.

ಈ ಜಗಲಿ ಮಾಮನಿಗೂ ಗೊತ್ತಿತ್ತು. ತಾನು ಬರೆದದ್ದನ್ನು ಹತ್ತು ಕಿವಿ ಕೇಳುತ್ತವೆ, ಅದಕ್ಕಿಂತ ಮೊದಲು ಒಬ್ಬ ಅಧಿಕಾರಿ ಓದುತ್ತಾರೆ. ಹಾಗಾಗಿ ಆ ಕಾಗದಗಳಲ್ಲಿ ದನ ಇದೆ, ಮುಡಿ ಇದೆ, ಮಳೆ ಇದೆ. ನಾನು ಮೊದಲು ಓದುವಾಗ ಅವರಿಗೆ ಬರೆಯಲು ಬರುತ್ತಿರಲಿಲ್ಲ ಎಂದುಕೊಂಡಿದ್ದೆ. ಅಮ್ಮನ ಮಾತು ಕೇಳಿದ ಮೇಲೆ ಆ ದನದ ಪ್ರಶ್ನೆಯನ್ನು ಓದುವುದಕ್ಕೇ ನನಗೆ ಕಷ್ಟವಾಗುತ್ತದೆ. ಆ ಡಿಸೆಂಬರಿನಲ್ಲಿ ಊರಿನಲ್ಲಿ ರೇಡಿಯೋ ಇದ್ದದ್ದು ಅಂಗಡಿಯಲ್ಲಿ ಒಂದೇ. 3ನೇ ತಾರೀಕು ಸಂಜೆ ನಮ್ಮ ವಿಮಾನ ನಿಲ್ದಾಣಗಳ ಮೇಲೆ ಪಾಕಿಸ್ತಾನ ಬಾಂಬ್ ಹಾಕಿದ ಸುದ್ದಿ ಬಂದಾಗಿನಿಂದ ಅಜ್ಜಿ ದಿನಾ ಸಂಜೆ ಅಂಗಡಿಯ ಹೊರಗೆ ನಿಲ್ಲುತ್ತಿದ್ದರು. ವಾರ್ತೆ ಅರ್ಥವಾಗುತ್ತಿರಲಿಲ್ಲ. ಕೇಳಿದವರ ಮುಖ ನೋಡುತ್ತಿದ್ದರು. ಮನೆಗೆ ಬಂದು ಪಂಜುರ್ಲಿ ದೈವಕ್ಕೆ ಹರಕೆ ಹೇಳಿಕೊಳ್ಳುತ್ತಿದ್ದರು. 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. 17ರ ರಾತ್ರಿ ಪಶ್ಚಿಮದಲ್ಲಿಯೂ ಗುಂಡು ನಿಂತಿತು. ಮಾಮನ ಕಾಗದ ಬರಲು ಇನ್ನೂ ಹನ್ನೆರಡು ದಿನ ಬೇಕಾಯಿತು.

5 ಪೈಸೆಯ ಸ್ಟಾಂಪ್

ಯುದ್ಧ ನಿಂತಿತು ಅಂದಾಗ ಊರಿನವರು ಪಾಯಸ ಮಾಡಿದರು. ಆದರೆ ಸ್ಯಾಪರ್‌ಗಳ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಎರಡೂ ಕಡೆಯವರು ಗದ್ದೆಗಳಲ್ಲಿ ಹೂತ ಮೈನ್‌ಗಳನ್ನು ಒಂದೊಂದಾಗಿ ತೆಗೆಯಬೇಕಿತ್ತು. ಅದು ತಿಂಗಳುಗಟ್ಟಲೆ ನಡೆಯಿತು. ಹೇಗೆ ತೆಗೆಯುವುದು ಎಂದು ನಾನು ಸಣ್ಣವನಿರುವಾಗ ಮಾಮ ತೋರಿಸಿಕೊಟ್ಟಿದ್ದಾರೆ. ಮಳೆ ಬಿಟ್ಟ ಒಂದು ಮಧ್ಯಾಹ್ನ. ಅಂಗಳದ ಬದಿಯ ಹಸಿ ಮಣ್ಣಿನಲ್ಲಿ ನನಗೆ ಕಾಣದ ಹಾಗೆ ಒಂದು ತೆಂಗಿನ ಗೆರಟೆ ಹೂತಿಟ್ಟರು. ಮುರಿದ ಕೊಡೆಯ ಕಡ್ಡಿ ತಂದು ಹೊಟ್ಟೆ ಅಡಿ ಮಾಡಿ ಮಲಗಿದರು. ನನ್ನನ್ನೂ ಮಲಗಿಸಿದರು. ಕಡ್ಡಿಯನ್ನು ನೇರ ಚುಚ್ಚಬಾರದು, ಮೈನಿನ ತಲೆಗೆ ತಾಗುತ್ತದೆ. ಓರೆ, 30 ಡಿಗ್ರಿ. ಮೆಲ್ಲ. ತಾಗಲಿಲ್ಲವೋ, ಎರಡು ಬೆರಳು ಪಕ್ಕಕ್ಕೆ. ಮತ್ತೆ ಎರಡು ಬೆರಳು. ನನಗೆ ಐದು ನಿಮಿಷದಲ್ಲಿ ಕೈ ನೋವು ಬಂತು. ಅವರು ಮಾತಾಡುತ್ತಿರಲಿಲ್ಲ. ಉಸಿರು ಕೇಳುತ್ತಿತ್ತು. ಕಡೆಗೆ ಕಡ್ಡಿ ಗೆರಟೆಯ ಬದಿಗೆ ತಾಗಿ ಟಿಕ್ ಅಂದಿತು. ನಾನು ಚಪ್ಪಾಳೆ ತಟ್ಟಿದೆ. ಮಾಮ ಎದ್ದು ಅಂಗಿಯ ಮಣ್ಣು ಕೊಡವಿಕೊಂಡು ಒಳಗೆ ಹೋದರು. ಆಟ ಯಾಕೆ ನಿಲ್ಲಿಸಿದರು ಎಂದು ನನಗೆ ಆಗ ಗೊತ್ತಾಗಲಿಲ್ಲ.

ದೀಪ ಇಟ್ಟ ಆ ಸಂಜೆ ಅಮ್ಮ ಕಪಾಟಿನಿಂದ ಒಂದು ಇನ್‌ಲ್ಯಾಂಡ್ ತೆಗೆದುಕೊಟ್ಟರು. ಟ್ರಂಕಿನಲ್ಲಿ ಇರದೆ ಇದ್ದದ್ದು, 42ನೆಯದು. ನೋಡಿದ ಕೂಡಲೇ ಬೇರೆ ಎಂದು ಗೊತ್ತಾಗುತ್ತದೆ. ಮುದ್ರೆಯಲ್ಲಿ ಬೆಂಗಳೂರು ಎಂದಿದೆ. ಮೇಲೆ 5 ಪೈಸೆಯ ಒಂದು ಪುಟ್ಟ ಸ್ಟಾಂಪ್, ನಿರಾಶ್ರಿತರ ಚಿತ್ರ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗಾಗಿ 1971ರ ನವೆಂಬರ್ 15ರಿಂದ ಜನರ ಅಂಚೆಗೆ 5 ಪೈಸೆ ಜಾಸ್ತಿ ಹಚ್ಚಬೇಕಿತ್ತು. ರಜೆಗೆ ಹೊರಟ ಯಾರದೋ ಕೈಯಲ್ಲಿ ಕೊಟ್ಟು, ಬೆಂಗಳೂರಿನಲ್ಲಿ ಮಾಮೂಲಿ ಅಂಚೆ ಡಬ್ಬಿಗೆ ಹಾಕಿಸಿದ ಕಾಗದ ಇದು. 1972ರ ಫೆಬ್ರವರಿ. ಅಮ್ಮನ ಹೆಸರಿಗೆ. ಮೊದಲ ಸಾಲು: "ತಂಗಿ, ಇದನ್ನು ಅಮ್ಮನಿಗೆ ಓದಿ ಹೇಳಬೇಡ."

ಒಳಗೆ ಬರೆದದ್ದನ್ನೆಲ್ಲ ಇಲ್ಲಿ ಹಾಕಲು ಅಮ್ಮ ಒಪ್ಪಲಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಹುಡುಗನೊಬ್ಬನ ಪಾದ ಹೋಯಿತು, ಗದ್ದೆಯ ಬದುವಿನ ಹತ್ತಿರ, ಮಾಮನಿಂದ ನಾಲ್ಕು ಮಾರು ದೂರದಲ್ಲಿ. ಅಷ್ಟು ಹೇಳಬಹುದು ಅಂದರು. ಯಾರಿಗಾದರೂ ಹೇಳದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ, ಅದಕ್ಕೆ ನಿನಗೆ ಬರೆದೆ ಎಂದಿದೆ. 23 ವರ್ಷದವನು 13 ವರ್ಷದವಳಿಗೆ ಬರೆದದ್ದು. ಅವನಿಗೆ ಓದು ಬರುವವರು ಮನೆಯಲ್ಲಿ ಬೇರೆ ಯಾರಿದ್ದರು?

ಆ ದಿನವೂ ಜಗಲಿಯಲ್ಲಿ ಜನ. ಅಮ್ಮ ಕಾಗದ ಬಿಚ್ಚಿ ಮೊದಲ ಸಾಲು ಮನಸ್ಸಿನಲ್ಲೇ ಓದಿದರು. ಎರಡನೆಯದು ಓದಿದರು. "ಆಯೆ ಎಂಚ ಉಲ್ಲೆ?" ಎಂದು ಅಜ್ಜಿ ಕೇಳಿದರು. ಅವನು ಹೇಗಿದ್ದಾನೆ? ಎಲ್ಲರೂ ಕಾಯುತ್ತಿದ್ದಾರೆ. ಕಾಗದ ಕೈಯಲ್ಲಿದೆ. ಏನಾದರೂ ಓದಲೇಬೇಕು. ಅಮ್ಮ ಕಣ್ಣನ್ನು ಸಾಲಿನ ಮೇಲೆ ಓಡಿಸುತ್ತಾ ಇಲ್ಲದ ಕಾಗದ ಓದತೊಡಗಿದರು. ಹೊಸ ಸ್ವೆಟರ್ ಕೊಟ್ಟಿದ್ದಾರಂತೆ. "ಬೊಕ್ಕ?" ಚಪಾತಿ ಅಭ್ಯಾಸವಾಗಿದೆಯಂತೆ. "ಬೊಕ್ಕ?" ಗದ್ದೆ ತುಂಬ ಹಳದಿ ಹೂ ಅಂತೆ. ಗಾಳಿ ಬಂದರೆ ನಮ್ಮ ಏಣಿಲು ಪೈರಿನ ಹಾಗೇ ತೂಗುತ್ತದಂತೆ. ಅಜ್ಜಿ ಬೊಕ್ಕ ಅನ್ನಲಿಲ್ಲ. ಸ್ವಲ್ಪ ಹೊತ್ತು ಹೊರಗೆ ಗದ್ದೆಯ ಕಡೆ ನೋಡಿದರು. "ಅದನ್ನು ಇನ್ನೊಮ್ಮೆ ಓದು" ಅಂದರು.

ಹಳದಿ ಎಲ್ಲಿಂದ ಬಂತು ಎಂದು ಕೇಳಿದೆ. ಶಾಲೆಯ ಗೋಡೆಯ ನಕ್ಷೆಯಲ್ಲಿ ಪಂಜಾಬಿಗೆ ಹಳದಿ ಬಣ್ಣ ಇತ್ತಂತೆ. ಅಣ್ಣ ಆ ಕಡೆ ಎಲ್ಲೋ ಇದ್ದಾನೆ ಎಂದು ಅವರ ಊಹೆ. ಸಾಸಿವೆ ಗದ್ದೆಯನ್ನು ಅವರು ಕಂಡದ್ದೂ ಇಲ್ಲ, ಕೇಳಿದ್ದೂ ಇಲ್ಲ.

ಆಮೇಲೆ ಆದದ್ದು ಅವರಿಗೆ ಇನ್ನೂ ಕಷ್ಟದ್ದು. ಅಜ್ಜಿಗೆ ಉಳಿದ ಕಾಗದಗಳಿಗಿಂತ ಆ ಕಾಗದವೇ ಇಷ್ಟವಾಗಿಬಿಟ್ಟಿತು. ಮನೆಗೆ ಯಾರು ಬಂದರೂ "ಆ ಹಳದಿ ಹೂವಿನದ್ದು ಓದು" ಅನ್ನುತ್ತಿದ್ದರು. ಅಮ್ಮ ಪ್ರತಿ ಸಲ ಅದೇ ಇನ್‌ಲ್ಯಾಂಡ್ ಬಿಚ್ಚಬೇಕು. ಕಣ್ಣಿಗೆ ಪಾದ ಹೋದ ಹುಡುಗ ಕಾಣಬೇಕು. ಬಾಯಲ್ಲಿ ಸ್ವೆಟರ್, ಚಪಾತಿ, ಹಳದಿ ಹೂ ಬರಬೇಕು. ಅದೇ ಕ್ರಮದಲ್ಲಿ, ಒಂದು ಪದವೂ ಆಚೀಚೆ ಆಗದೆ. ಬೇರೆ ಯಾರಾದರೂ ಓದು ಬಲ್ಲವರು ಕೈಗೆ ತೆಗೆದುಕೊಂಡರೆ ಎಂದು ಹೆದರಿಕೆ. ಎಂಟನೇ ಕ್ಲಾಸಿನ ಹುಡುಗಿ ಪಾಠಪುಸ್ತಕದ ಒಳಗೆ ಅದನ್ನು ಇಟ್ಟುಕೊಂಡು ಶಾಲೆಗೆ ಹೋಗಿ ಬರುತ್ತಿದ್ದಳು. ಆ ವರ್ಷ ಪರೀಕ್ಷೆಯಲ್ಲಿ ನಪಾಸಾದೆ ಎಂದು ನಮಗೆಲ್ಲ ಹೇಳುತ್ತಿದ್ದರು. ಯಾಕೆ ಎಂದು ನಾವು ಯಾರೂ ಕೇಳಿರಲಿಲ್ಲ.

ಮಾಮ ರಜೆಗೆ ಬಂದದ್ದು 1972ರ ಮಳೆಗಾಲದ ಕೊನೆಗೆ. ಊಟಕ್ಕೆ ಕೂತಾಗ ಅಜ್ಜಿ ಮೊದಲು ಕೇಳಿದ್ದೇ ಹಳದಿ ಹೂವಿನ ಸುದ್ದಿ. ಮಾಮ ತಂಗಿಯ ಕಡೆ ನೋಡಿದರು. ಅಮ್ಮ ಸಾರಿನ ಪಾತ್ರೆ ಹಿಡಿದುಕೊಂಡು ನಿಂತಿದ್ದರು. "ಹೌದಮ್ಮ, ತುಂಬಾ ಇತ್ತು" ಅಂದರು ಮಾಮ. ಊಟವಾದ ಮೇಲೆ ಬಾವಿಕಟ್ಟೆಯ ಹತ್ತಿರ ತಂಗಿಗೆ ಅಂದರಂತೆ: "ನಿನಗೆ ಹೇಗೆ ಗೊತ್ತಾಯಿತು? ತಂತಿಬೇಲಿಯ ಆಚೆ ನಿಜಕ್ಕೂ ಹಳದಿಯೇ ಇತ್ತು."

ಒಂದು ಸಾಲೂ ಬಿಡಬಾರದು

ಮಾಮ ಪೆನ್ಶನ್ ಆಗಿ ಬಂದದ್ದು 1981ರಲ್ಲಿ. ಅಷ್ಟರಲ್ಲಿ ಗದ್ದೆ ನಮ್ಮದಾಗಿತ್ತು. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಹಾಕಿ ಬಂದದ್ದು. ಆ 7ನೇ ನಂಬರ್ ಫಾರ್ಮನ್ನು ತುಂಬಿಸಿದ್ದು ಅಮ್ಮನೇ. 1987ರ ಜನವರಿಯಲ್ಲಿ ಮಂಡಲ ಪಂಚಾಯತಿ ಚುನಾವಣೆ ಬಂತು. ಆಗಿನ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರು ತಂದ ಹೊಸ ವ್ಯವಸ್ಥೆ. ಜನ ಅವರನ್ನು ನೀರ್ ಸಾಬ್ ಅನ್ನುತ್ತಿದ್ದ ಕಾಲ. ಹೆಂಗಸರಿಗೆ ನೂರಕ್ಕೆ 25 ಸೀಟು ಮೀಸಲು. ನಿಲ್ಲು ಎಂದು ಮಾಮ ಅಮ್ಮನಿಗೆ ಹೇಳಿದ್ದರಂತೆ. ನನಗೆ ಆಗ 3 ವರ್ಷ. ಮಗು ಸಣ್ಣದು ಎಂದು ಅಮ್ಮ ಒಪ್ಪಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ. ಮಾಮ ನಿಂತರು, ಗೆದ್ದರು, ಪ್ರಧಾನರಾದರು.

ಅವರು ಮಾಡಿದ ಕೆಲಸಗಳ ಬಗ್ಗೆ ಊರಿನವರು ಮಾತಾಡುವುದು ಜಾಸ್ತಿ ಕಾಲುಸಂಕದ ಬಗ್ಗೆ. ಮಳೆಗಾಲದಲ್ಲಿ ಮಕ್ಕಳು ಅಡಿಕೆ ಮರ ಅಡ್ಡ ಹಾಕಿದ ಪಾಪಿನ ಮೇಲೆ ತೋಡು ದಾಟುತ್ತಿದ್ದ ಕಡೆಗಳಲ್ಲಿ ಒಂದೊಂದಾಗಿ ಕಾಂಕ್ರೀಟ್ ಸಂಕ ಹಾಕಿಸಿದರು. ಸ್ಯಾಪರ್ ಅಲ್ವಾ, ಪ್ರತಿಯೊಂದನ್ನೂ ತಾನೇ ಮೊದಲು ನಡೆದು ನೋಡುತ್ತಿದ್ದರು. ನನಗೆ ನೆನಪಿರುವುದು ಬೇರೆ. ಬೆಳಿಗ್ಗೆ ಜಗಲಿಯಲ್ಲಿ ಜನ ಬಂದು ಕೂರುತ್ತಿದ್ದರು, ಕೈಯಲ್ಲಿ ಏನಾದರೂ ಕಾಗದ. ಕೋರ್ಟಿನದ್ದು, ತಾಲೂಕು ಆಫೀಸಿನದ್ದು, ಸಾಲದ ನೋಟಿಸ್. ಮಾಮ ಕನ್ನಡಕ ಹಾಕಿ ಒಂದೊಂದೇ ವಾಕ್ಯ ಓದಿ ತುಳುವಿನಲ್ಲಿ ಹೇಳುತ್ತಿದ್ದರು. ಪೂರ್ತಿ ಓದುತ್ತಿದ್ದರು. ಒಮ್ಮೆ ಒಬ್ಬ ವಿಧವೆಗೆ ಜಾಗದ ಹರಾಜಿನ ನೋಟಿಸ್ ಬಂದಿತ್ತು. ಪಕ್ಕದಲ್ಲಿದ್ದವರು "ಸಾಕು ಬಿಡಿ ಪ್ರಧಾನರೇ, ಆಮೇಲೆ ನೋಡುವ" ಅಂದರು. ಮಾಮ ಬಿಡಲಿಲ್ಲ. ಕೊನೆಯ ದಿನಾಂಕದವರೆಗೂ ಓದಿದರು. ಆಕೆ ಅಳುವವರೆಗೆ ಕಾದರು, ಆಮೇಲೆ ಕೊಡೆ ತೆಗೆದುಕೊಂಡು ಆಕೆಯ ಜೊತೆಗೆ ಬಸ್ಸಿಗೆ ಹೋದರು. ಮಂಡಲದ ಸಭೆಯಲ್ಲೂ ಖರ್ಚಿನ ಲೆಕ್ಕವನ್ನು ಹಾಗೆಯೇ ಓದಿಸುತ್ತಿದ್ದರು. ಒಂದು ಸಾಲೂ ಬಿಡಬಾರದು. ಹೊತ್ತಾಗುತ್ತದೆ ಎಂದು ಸದಸ್ಯರು ಗೊಣಗುತ್ತಿದ್ದರು. 1993ರ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಸೋತದ್ದಕ್ಕೆ ಈ ಹಠವೂ ಒಂದು ಕಾರಣ ಎಂದು ಕೆಲವರು ಹೇಳುತ್ತಾರೆ.

ಅವರಿಗೆ ಹೀಗೆ ಪೂರ್ತಿ ಓದುವ ಹಠ ಎಲ್ಲಿಂದ ಬಂತು ಎಂದು ಈಗ ನನಗೆ ಅನ್ನಿಸತೊಡಗಿದೆ. ತಂಗಿಯ ಮೇಲೆ ತಾನು ಹಾಕಿದ ಭಾರ ಎಂಥದ್ದು ಎಂದು ಅವರಿಗೆ ಗೊತ್ತಾಗಿತ್ತು ಎಂದೇ ನಾನು ನಂಬುತ್ತೇನೆ. ಭಾಷಣದಲ್ಲಿ "ಅಮ್ಮನಿಗೆ ಒಂದು ಕಾಗದ ಬಂದಿತ್ತು" ಎನ್ನುತ್ತಿದ್ದರು. "ನಾನು ಬರೆದೆ" ಎಂದು ಒಂದು ಸಲವೂ ಹೇಳಿದ್ದು ನನಗೆ ನೆನಪಿಲ್ಲ. ಅಂಗಳದ ಹಿಂದಿನ ಸಾಲಿನಲ್ಲಿ ಹೆಂಗಸರ ಜೊತೆ ಅಮ್ಮ ಕೂತಿರುತ್ತಿದ್ದರು. ಆ ಮಾತು ಬಂದಾಗ ಅವರಿಬ್ಬರಿಗೆ ಮಾತ್ರ ಗೊತ್ತಿತ್ತು, ಅದು ಯಾರದ್ದು ಎಂದು. ಉಡುಪಿಯ ಅಜ್ಜರಕಾಡಿನ ಯುದ್ಧ ಸ್ಮಾರಕದ ಎದುರು ಹೂ ಇಡುವಾಗ ನಾವು ಹೋದವರನ್ನು ನೆನೆಯುತ್ತೇವೆ. ನೆನೆಯಲೇಬೇಕು. ಆದರೆ ಆ ಕಾಲದಲ್ಲಿ ಊರೂರಿನ ಜಗಲಿಗಳಲ್ಲಿ ಕಾಗದ ಓದುತ್ತಿದ್ದ ಹೆಣ್ಣುಮಕ್ಕಳು ಎಷ್ಟು ಜನ ಇದ್ದರು, ಯಾವ ಸಾಲು ನುಂಗಿಕೊಂಡರು ಎಂದು ನಾವು ಒಮ್ಮೆಯಾದರೂ ಕೇಳಿದ್ದೇವೆಯೇ? ಕೇಳಲು ಇನ್ನೂ ಕೆಲವರು ಇದ್ದಾರೆ. ನಿಮ್ಮ ಮನೆಯಲ್ಲೂ ಇರಬಹುದು.

ಶಾಲೆಗೆ ಡಿಸೆಂಬರ್ 20ರ ಕಾಗದ ಕೊಟ್ಟೆವು, ದನದ ಪ್ರಶ್ನೆ ಇರುವುದು. ಬ್ಯಾನರಿಗೂ ಅದೇ ಸಾಲು. ಓದಿ ಮಕ್ಕಳು ನಕ್ಕರು, ಆಮೇಲೆ ದನ ಕರು ಹಾಕಿತ್ತೋ ಎಂದು ಅಮ್ಮನನ್ನೇ ಕೇಳಿದರು. ಹಾಕಿತ್ತು, ಹೆಣ್ಣು ಕರು.

42ನೆಯದು ಮತ್ತೆ ಕಪಾಟಿಗೆ ಹೋಯಿತು. ಹಳದಿ ಹೂವಿನ ಕಾಗದವನ್ನು ಯಾರೂ ಬರೆದಿಟ್ಟಿಲ್ಲ, ಒಮ್ಮೆ ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಕಂಬಕ್ಕೆ ಒರಗಿ ಕೂತು ಎರಡೂ ಕೈಯನ್ನು ಮುಂದೆ ಹಿಡಿದರು, ಕಾಗದ ಇದ್ದ ಹಾಗೆ. ತುಳುವಿನಲ್ಲೇ ಹೇಳಿದರು. ಸ್ವೆಟರ್. ಚಪಾತಿ. ಗದ್ದೆ ತುಂಬ ಹಳದಿ ಹೂ. ಗಾಳಿ. ಅಲ್ಲಿಗೆ ನಿಲ್ಲಿಸಿದರು. ನನಗೆ ಗೊತ್ತಿಲ್ಲದೆ ನನ್ನ ಬಾಯಿಂದ ಬಂತು, "ಬೊಕ್ಕ?"

"ಬೊಕ್ಕ ದಾಲ ಇಜ್ಜಿ" ಅಂದರು ಅಮ್ಮ. ಆಮೇಲೆ ಏನೂ ಇಲ್ಲ. ಕೈ ಮಡಚಿಕೊಂಡರು.